ಲಿಫ್ಟ್ ಬಾಗಿಲ ಬಣ್ಣದ ಬಂಗುಡೆ

ನಮ್ಮ ಮನೆಯಲ್ಲಿ ಒಂದು ಓವನ್ ಉಂಟು. ನಾನೇ ಹಟ ಹಿಡಿದು ತರಿಸಿದ್ದು. ನಾನ್‌ಖಟಾಯಿ ಮಾಡಬೇಕು, ಕೇಕು ಮಾಡಬೇಕು, ಸೊಸೈಟಿಯ ಹೆಂಗಸರೆಲ್ಲ ‘ವಾಹ್ ಭಾಭೀ’ ಅನ್ನಬೇಕು ಅಂತ ಆಸೆ. ಒಂದು ಕೇಕು ಮಾಡಿದೆ, ಅದರ ನಡು ಕುಸಿದು ಬಾವಿಯ ಹಾಗಾಯಿತು, ಅದಿರಲಿ. ಎರಡನೆಯದಕ್ಕೆ ಕೈ ಹಾಕುವ ಮೊದಲೇ ಒಂದು ಭಾನುವಾರ ನಾನು ಸ್ಟೇಷನ್ ಹತ್ತಿರದಿಂದ ತರಕಾರಿ ಚೀಲ ಹೊತ್ತುಕೊಂಡು ಬಂದು ನೋಡುತ್ತೇನೆ, ಓವನ್ ಅಡುಗೆಮನೆಯಲ್ಲಿ ಇಲ್ಲ. ಬಾಲ್ಕನಿಗೆ ಹೋಗಿ ವಾಷಿಂಗ್ ಮೆಷಿನಿನ ಮೇಲೆ ಕೂತಿದೆ. ಒಳಗೆ ತಂತಿಗೆ ನೇತುಹಾಕಿದ ಸಣ್ಣ ಸಣ್ಣ ಸೀಸದ ಮೀನುಗಳು. ನನ್ನ ಗಂಡ ಸ್ಟೂಲಿನ ಮೇಲೆ ಕೂತು, ಹೆರಿಗೆ ವಾರ್ಡಿನ ಹೊರಗೆ ಕೂತವರ ಮುಖ ಮಾಡಿಕೊಂಡು, ಅದರ ಗಾಜಿನೊಳಗೆ ನೋಡುತ್ತಿದ್ದಾರೆ.

“ಇದೆಂತ ಅವಸ್ಥೆ?” ಅಂದೆ.

“ಪೌಡರ್ ಕೋಟಿಂಗ್,” ಅಂದರು. ತಿರುಗಿ ಕೂಡ ನೋಡಲಿಲ್ಲ. “ಹಾಂ, ಇನ್ನು ಮೇಲೆ ಇದರಲ್ಲಿ ತಿನ್ನುವ ವಸ್ತು ಇಡಬೇಡ. ಬಣ್ಣ ಬೇಯಿಸಿದ ಓವನ್. ಆರೋಗ್ಯಕ್ಕೆ ಒಳ್ಳೆಯದಲ್ಲ.”

ನನ್ನ ಓವನ್ ಕಿತ್ತುಕೊಂಡು ನನಗೇ ಆರೋಗ್ಯದ ಪಾಠ! ಮಂಡೆ ಬೆಚ್ಚ ಆಗುವುದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು ಮಾರಾಯ್ರೆ. ಚೀಲದಲ್ಲಿದ್ದ ಸೋರೆಕಾಯಿ ಕೈಗೆ ಬಂದಿತ್ತು, ಹೇಗೋ ತಡೆದುಕೊಂಡೆ.

ನಾವು ಉಡುಪಿಯವರು, ಇರುವುದು ಮುಂಬಯಿಯ ಸಾಂತಾಕ್ರೂಜ್ ಪೂರ್ವದಲ್ಲಿ. ಇವರು ಏರ್‌ಪೋರ್ಟ್ ಕಡೆಯ ಒಂದು ಹೋಟೆಲಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಇಡೀ ದಿನ ಬೇರೆಯವರ ಈರುಳ್ಳಿ ತೂಗಿಸುವುದು, ಬೇರೆಯವರ ಎಣ್ಣೆ ಡಬ್ಬ ಎಣಿಸುವುದು. ರಜೆಯ ದಿನ ಮಾತ್ರ ಗಾಳದ ಕೋಲು ಹಿಡಿದು ಬಾಂದ್ರಾದ ಬಂಡೆಗಳ ಮೇಲೋ ಮಾಹಿಮ್ ಖಾಡಿಯ ಉಪ್ಪುನೀರಿನ ಬದಿಗೋ ಹೋಗಿ ನಿಲ್ಲುತ್ತಾರೆ. ನಿಲ್ಲಲಿ, ಬೇಡ ಅಂದವರಾರು? ಊರಿನ ಗಂಡಸರಿಗೆ ನೀರು ಕಂಡರೆ ಕೈ ತುರಿಸುವುದು ಹೊಸತೇನಲ್ಲ. ಆದರೆ ಇವರಿಗೆ ಗಾಳಕ್ಕೆ ಸಿಗಡಿ ಚುಚ್ಚುವುದು ಬೇಡ. ಮೊಬೈಲಿನಲ್ಲಿ ಯಾವುದೋ ದೇಶದವರ ವೀಡಿಯೋ ನೋಡಿ ಮನೆಯಲ್ಲೇ ಲ್ಯೂರ್ ಮಾಡಲು ಶುರು ಮಾಡಿದರು. ಲ್ಯೂರ್ ಅಂದರೆ ಮೀನಿನ ಆಕಾರದ ಒಂದು ಸುಳ್ಳು ಮೀನು. ನಿಜವಾದ ಮೀನು ಅದನ್ನು ನೋಡಿ ‘ಆಹಾ, ತಿಂಡಿ’ ಅಂತ ಮೋಸಹೋಗಿ ಕಚ್ಚಬೇಕು.

ಮಾಡುವ ಕ್ರಮ ಕೇಳಿ. ಬಾಲ್ಕನಿಯಲ್ಲಿ ಸೀಸ ಕರಗಿಸಿ ಅಚ್ಚಿಗೆ ಹೊಯ್ಯಬೇಕು. ಆ ಹೊತ್ತಿಗೆ ನಾನು ಬಾಗಿಲು ಹಾಕಿಕೊಂಡು ಒಳಗಿರಬೇಕು, ಇವರು ಮೂಗು ಬಾಯಿ ಕಟ್ಟಿಕೊಂಡು ದರೋಡೆಗೆ ಹೊರಟವರ ಹಾಗೆ ಕಾಣಬೇಕು. ತಣಿದ ಸೀಸದ ಮೀನನ್ನು ಇಕ್ಕುಳದಲ್ಲಿ ಹಿಡಿದು ಬಿಸಿ ಮಾಡಿ, ಬಣ್ಣದ ಹುಡಿಯಲ್ಲಿ ಅದ್ದಿದರೆ ಹುಡಿ ಕರಗಿ ಅಂಟಿಕೊಳ್ಳುತ್ತದೆ. ಆಮೇಲೆ ಓವನ್ನಿನಲ್ಲಿ ಬೇಯಿಸಿದರೆ ಬಣ್ಣ ಗಟ್ಟಿ, ಕಲ್ಲಿಗೆ ಬಡಿದರೂ ಏಳುವುದಿಲ್ಲ. ಕೊಕ್ಕೆ ಸಿಕ್ಕಿಸುವುದು ಎಲ್ಲ ಮುಗಿದ ಮೇಲೆ. ಹುಡಿ ಗಂಟಾಗದೆ ಹಗುರವಾಗಿರಲಿ ಅಂತ ಅದರ ಡಬ್ಬಕ್ಕೆ ಅಡಿಯಿಂದ ಗಾಳಿ ಊದಬೇಕಂತೆ, ಅದಕ್ಕೆ ಅಕ್ವೇರಿಯಂ ಪಂಪು ತಂದರು. ಮನೆಯಲ್ಲಿ ಒಂದು ಜೀವಂತ ಮೀನಿಲ್ಲ, ಮೀನಿಗೆ ಉಸಿರು ಕೊಡುವ ಯಂತ್ರ ಉಂಟು.

ಬಣ್ಣದ ಹುಡಿ ಎಲ್ಲಿಂದ? ಬೈಕುಲ್ಲಾದಲ್ಲಿ ಕಿಟಕಿ ಗ್ರಿಲ್, ಬಾಗಿಲು ಚೌಕಟ್ಟಿಗೆ ಪೌಡರ್ ಕೋಟಿಂಗ್ ಮಾಡುವ ಒಂದು ವರ್ಕ್‌ಶಾಪು. ಅಲ್ಲಿಯವರು ಉಳಿದ ಹುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇವರಿಗೆ ಕೊಡುತ್ತಿದ್ದರು. ಹಾಗಾಗಿ ನಮ್ಮ ಮನೆಯಲ್ಲಿ ಹುಟ್ಟಿದ ಮೀನುಗಳೆಲ್ಲ ಮುಂಬಯಿಯ ಕಿಟಕಿಗಳ ಬಣ್ಣದವು. ಕಾಫಿ ಬ್ರೌನ್, ಐವರಿ, ಆಸ್ಪತ್ರೆಯ ಮಂಚದ ಬೂದಿ, ಪಬ್ಲಿಕ್ ಸಂಡಾಸಿನ ಬಾಗಿಲಿನ ಹಸಿರು. ಆ ಹಸಿರು ಮೀನು ಕಂಡರೆ ಯಾವ ಮೀನಿಗೆ ಹಸಿವಾಗಬೇಕು ಹೇಳಿ? ಇವರ ಗಾಳಕ್ಕೆ ಅಷ್ಟು ಕಾಲದಲ್ಲಿ ಸಿಕ್ಕಿದ್ದು ಪ್ಲಾಸ್ಟಿಕ್ ಚೀಲಗಳು, ಒಂದು ಚಪ್ಪಲಿ, ಮತ್ತೆ ಬಾಂದ್ರಾದಲ್ಲಿ ಒಂದು ಪ್ಯಾಂಟು. ಪ್ಯಾಂಟು ಸಿಕ್ಕಿದ ದಿನ ಇವರು ಸ್ವಲ್ಪ ಹೊತ್ತು ಬಹಳ ಖುಷಿಯಲ್ಲಿದ್ದರಂತೆ, ಭಾರ ಇತ್ತಲ್ಲ.

ಇದೆಲ್ಲವನ್ನು ನೋಡುತ್ತ ಹಾಲಿನ ಕುರ್ಚಿಯಲ್ಲಿ ಕೂತಿರುತ್ತಿದ್ದವರು ನನ್ನ ಮಾವ, ಇವರ ಅಪ್ಪ. ಮೀನು ಹಿಡಿಯುವವರ ಮನೆಯಲ್ಲೇ ಹುಟ್ಟಿ, ಎಳೆ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಮೈ ಸೋಲುವವರೆಗೆ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿದವರು. ಅವರಿಗೆ ಮಗನ ಲ್ಯೂರ್ ಅಂದರೆ ಮೈಯೆಲ್ಲ ಉರಿ.

“ಮೀನಿಗೆ ಮೋಸ ಮಾಡ್ತೀಯಲ್ಲ!” ಅನ್ನುತ್ತಿದ್ದರು. “ನಾವು ಸಿಗಡಿ ಚುಚ್ಚುತ್ತಿದ್ದೆವು. ಸಾಯುವ ಮೊದಲು ಅದಕ್ಕೊಂದು ತುತ್ತಾದರೂ ಸಿಗ್ತಿತ್ತು. ನೀನು ಅದನ್ನೂ ಕೊಡುವುದಿಲ್ಲ, ಸೀಸ ಕಚ್ಚಿಸ್ತೀಯ.”

“ಮೊದಲು ಒಂದು ಮೀನು ಮೋಸಹೋಗಲಿ ಅಪ್ಪ, ಆಮೇಲೆ ಬೈಯಿರಿ,” ಅನ್ನುತ್ತಿದ್ದರು ಇವರು.

ಆದರೂ ಪ್ರತಿ ಲ್ಯೂರ್ ತಯಾರಾದ ಕೂಡಲೇ ಮೊದಲು ಅಪ್ಪನ ಕುರ್ಚಿಯ ಪಕ್ಕದ ಟೀಪಾಯಿಯ ಮೇಲೆ ತಂದಿಡುತ್ತಿದ್ದರು. ಸುಮ್ಮನೆ ಇಟ್ಟು ಬಾಲ್ಕನಿಗೆ ಹೋಗಿಬಿಡುವುದು. ಒಮ್ಮೆ ಕೈಯಲ್ಲಿ ಹಿಡಿದು ನೋಡಲಿ ಅಂತ ಆಸೆ. ಮಾವ ಅದರ ಮೇಲೆ ಪೇಪರ್ ಮುಚ್ಚಿ ಟಿವಿ ನೋಡುತ್ತಿದ್ದರು. ನನಗೆ ಒಳಗೊಳಗೇ ನಗು, ಒಳಗೊಳಗೇ ಸಂಕಟ.

ಕಳೆದ ಮಳೆಗಾಲದಲ್ಲಿ ಮಾವ ಹೋಗಿಬಿಟ್ಟರು. ಎದೆಯಲ್ಲಿ ಕಫ ಕಟ್ಟಿ ಸಯನ್ನಿನ ಆಸ್ಪತ್ರೆಯಲ್ಲಿದ್ದರು, ನಾಳೆ ಮನೆಗೆ ಕರಕೊಂಡು ಹೋಗಿ ಅಂದಿದ್ದರು ಡಾಕ್ಟರು, ಆ ನಾಳೆ ಬರಲಿಲ್ಲ. ಇವರು ಅಳಲಿಲ್ಲ. ಕೆಲಸಕ್ಕೆ ಹೋದರು, ಬಂದರು, ಬಾಲ್ಕನಿಯಲ್ಲಿ ಸೀಸ ಕರಗಿಸಿದರು. ಅತ್ತೆಗೆ ಅದೇ ದೊಡ್ಡ ನೋವಾಯಿತು. ಗಂಡ ಬೇಡ ಅಂದದ್ದನ್ನು ಮಗ ಗಂಡ ಹೋದ ಮೇಲೂ ಬಿಡಲಿಲ್ಲವಲ್ಲ ಅಂತ.

ಅಷ್ಟರಲ್ಲಿ ಪಿತೃಪಕ್ಷ ಬಂತು. ಊರಿನಲ್ಲಾದರೆ ನಮ್ಮಲ್ಲಿ ಗತಿಸಿದವರಿಗೆ ಒಳಗಿನ ಕೋಣೆಯಲ್ಲಿ ಬಡಿಸಿ, ಬಾಗಿಲೆಳೆದುಕೊಂಡು, ಹೊರಗೆ ನಿಲ್ಲುವುದು. ಸ್ವಲ್ಪ ಹೊತ್ತು ಬಿಟ್ಟು ತೆಗೆದರೆ ಆಯಿತು, ಬಂದು ಉಂಡು ಹೋದರು ಅಂತ ಲೆಕ್ಕ. ಅದರಲ್ಲಿ ಫೇಲಾಗುವ ಪ್ರಶ್ನೆಯೇ ಇಲ್ಲ. ಮುಂಬಯಿಗೆ ಬಂದ ಮೇಲೆ ನಾವು ಮರಾಠಿಯವರನ್ನು ನೋಡಿ ಕಾಗೆಯ ಕ್ರಮ ಕಲಿತೆವು. ಟೆರೇಸಿನಲ್ಲಿ ಎಲೆ ಹಾಕಿ ಬಡಿಸಬೇಕು, ಕಾಗೆ ಬಂದು ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರಿಗೆ ಏನೋ ಅಸಮಾಧಾನ ಉಳಿದಿದೆ ಅಂತ ಅರ್ಥ. ಸುಖದಲ್ಲಿದ್ದ ನಾವು ಕಾಗೆಯ ಪರೀಕ್ಷೆಗೆ ಹೋಗಿ ಕೂತೆವು ನೋಡಿ.

ಕಾಗೆ ಮುಟ್ಟುವವರೆಗೆ ನೀರೂ ಕುಡಿಯುವುದಿಲ್ಲ ಅಂದರು ಅತ್ತೆ. ಅವರಿಗೆ ಶುಗರ್ ಉಂಟು, ಹಸಿದರೆ ಕೈ ನಡುಗುತ್ತದೆ. ನಾನು ಬೆಳಿಗ್ಗೆ ಎದ್ದು ಗಡಿಬಿಡಿಯಲ್ಲಿ ಕೋಳಿ ಸುಕ್ಕ, ಬಂಗುಡೆ ಹುರಿದದ್ದು, ಕುಚ್ಚಲಕ್ಕಿ ಅನ್ನ, ಪಾಯಸ ಎಲ್ಲ ಮಾಡುತ್ತಿದ್ದರೆ ಬಾಲ್ಕನಿಯಿಂದ ಬಣ್ಣ ಬೇಯುವ ವಾಸನೆ. ಇವತ್ತೂ! ಅತ್ತೆ ಮೂಗಿಗೆ ಸೆರಗು ಹಿಡಿದುಕೊಂಡು ನನ್ನನ್ನೇ ದುರುಗುಟ್ಟಿ ನೋಡಿದರು, ಅವರ ಮಗನನ್ನು ನಾನೇ ಹೆತ್ತ ಹಾಗೆ.

ಟೆರೇಸಿಗೆ ಹೋದೆವು. ನಾವು ಮೂವರು, ಕೆಳಗಿನ ಮಹಡಿಯ ಮರಾಠಿ ಕಾಕು, ಮತ್ತೆ ಟೆರೇಸಿನ ಬೀಗ ತೆಗೆಯಲಿಕ್ಕೆ ಬಂದ ವಾಚ್‌ಮನ್. ಎಲೆ ಹಾಕಿ ಬಡಿಸಿದೆವು. ಕಾಗೆಗಳು ಇದ್ದವು, ಇಲ್ಲ ಅಂತಲ್ಲ. ಪಕ್ಕದ ಬಿಲ್ಡಿಂಗಿನ ಟಾಂಕಿಯ ಮೇಲೆ ಸಾಲಾಗಿ ಕೂತಿದ್ದವು. ಮದುವೆ ಊಟ ಮುಗಿಸಿ ಬಸ್ಸಿಗೆ ಕಾಯುವವರ ಹಾಗೆ.

ವಾಚ್‌ಮನ್ ವಿಜಾಪುರ ಕಡೆಯವನು. “ಬರಂಗಿಲ್ರೀ ಅಕ್ಕಾರ,” ಅಂದ. “ಪಿತೃಪಕ್ಷದಾಗ ಮುಂಬೈ ಕಾಗಿ ಅಂದ್ರ ಸಾವ್ಕಾರ ಇದ್ದಂಗ. ಹಿಂದಿನ ಬಿಲ್ಡಿಂಗ್‌ನ್ಯಾಗ ಶ್ರೀಖಂಡ ಇಟ್ಟಾರ, ಆ ಕಡೀ ಗುಲಾಬ್‌ಜಾಮೂನ್ ಇಟ್ಟಾರ. ಹೊಟ್ಟಿ ಬಿರಿಯೂವಂಗ ತಿಂದಾವು. ಇನ್ನ ನಿಮ್ಮ ಬಂಗಡಿ ಯಾವ ಲೆಕ್ಕರೀ?”

ಅವನನ್ನು ಅಲ್ಲೇ ತಳ್ಳಿಬಿಡುವಷ್ಟು ಸಿಟ್ಟು ಬಂತು ನನಗೆ. ಬಿಸಿಲು ಬೇರೆ. ಇವರು ‘ಕಾ ಕಾ’ ಅಂದರು, ನಾನು ‘ಕಾ ಕಾ’ ಅಂದೆ. ಎದುರಿನ ಬಿಲ್ಡಿಂಗಿನಲ್ಲಿ ಯಾರೋ ಕಿಟಕಿ ತೆಗೆದು ನೋಡಿ ಹಾಕಿಕೊಂಡರು.

ಆಗ ಕಾಕು ಹೇಳಿದಳು, ಮಾತು ಕೊಡಬೇಕು ಅಂತ. ಅವರಲ್ಲಿ ಕಾಗೆ ಮುಟ್ಟದಿದ್ದರೆ ಮನೆಯವರು ಒಬ್ಬೊಬ್ಬರಾಗಿ ಸತ್ತವರಿಗೆ ಮಾತು ಕೊಡುತ್ತಾರಂತೆ. ಯಾವ ಮಾತಿಗೆ ಅವರು ಕಾಯುತ್ತಿದ್ದರೋ ಅದು ಬಂದ ಕೂಡಲೇ ಕಾಗೆ ಇಳಿಯುತ್ತದೆ. ಅತ್ತೆ ತಕ್ಷಣ ಕೈ ಮುಗಿದರು. “ನಿಮ್ಮ ರೇಡಿಯೋ ರಿಪೇರಿ ಮಾಡಿಸ್ತೇವೆ.” ಕಾಗೆ ಕೂತಲ್ಲೇ ಕೂತಿತ್ತು. “ನಿಮ್ಮ ಸ್ವೆಟರ್ ಯಾರಿಗೂ ಕೊಡುವುದಿಲ್ಲ.” ಇಲ್ಲ. ನಾನು, “ಬಾತ್‌ರೂಮಿನ ನಲ್ಲಿ ಸೋರ್ತದೆ ಅಂತ ದಿನಾ ಹೇಳ್ತಿದ್ದಿರಲ್ಲ ಮಾವ, ಇದೇ ವಾರ ಸರಿ ಮಾಡಿಸ್ತೇವೆ,” ಅಂದೆ. ಒಂದು ಕಾಗೆ ಸ್ವಲ್ಪ ಕತ್ತು ತಿರುಗಿಸಿತು, ಅಷ್ಟೇ. ಕಾಕುಗೆ ಅದೇ ಸಾಕಾಯಿತು. ನೀರಿನ ವಿಷಯವೇ ಇರಬೇಕು, ನಿಮ್ಮ ಬಾಲ್ಕನಿಯ ನೀರು ನಮ್ಮ ಬೆಡ್‌ರೂಮಿಗೆ ಇಳೀತದೆ, ಅದನ್ನೂ ರಿಪೇರಿ ಮಾಡಿಸ್ತೇವೆ ಅಂತ ಹೇಳಿ ನೋಡಿ ಅಂದಳು. ಸತ್ತವರ ಎಲೆಯ ಮುಂದೆ ನಿಂತು ಲೀಕೇಜಿನ ಕಂಪ್ಲೇಂಟು! ಆದರೂ ಹೇಳಿದೆ ಮಾರಾಯ್ರೆ, ಏನು ಮಾಡುವುದು? ಕಾಗೆ ಅದಕ್ಕೂ ಜಗ್ಗಲಿಲ್ಲ.

ಅತ್ತೆ ಮಗನ ಕಡೆ ತಿರುಗಿದರು. ಅವರ ಕೈ ನಡುಗಲು ಶುರುವಾಗಿತ್ತು.

“ನೀನು ಹೇಳು. ಆ ಸುಳ್ಳು ಮೀನಿನ ಹುಚ್ಚು ಬಿಡ್ತೇನೆ ಅಂತ ಹೇಳು. ಅವರು ಅದಕ್ಕೇ ಬರ್ತಾ ಇಲ್ಲ.”

ಇವರು ಬಗ್ಗಿ ಎಲೆಯ ಮೇಲಿನ ನೊಣ ಓಡಿಸಿದರು.

“ಹೇಳು ಮಗಾ. ಒಂದು ಮಾತು.”

“ಹೇಳಿದ ಮೇಲೆ ಬಿಡಬೇಕಲ್ಲ ಅಮ್ಮ,” ಅಂದರು ಇವರು. “ಅಪ್ಪನಿಗೆ ಸುಳ್ಳು ಮಾತು ಕೊಡಲಿಕ್ಕೆ ನನ್ನಿಂದ ಆಗುವುದಿಲ್ಲ. ಬಿಡಲಿಕ್ಕೂ ಆಗುವುದಿಲ್ಲ.”

ನಿಜ ಹೇಳುತ್ತೇನೆ, ಇವರು ಆ ಮಾತು ಕೊಡಲಿ ಅಂತ ನನಗೂ ಎಷ್ಟೋ ಸಲ ಅನಿಸಿತ್ತು. ಬಾಲ್ಕನಿ ಸಿಗುತ್ತಿತ್ತು, ಓವನ್ ಸಿಗುತ್ತಿತ್ತು, ಮೂಗಿಗೆ ನೆಮ್ಮದಿ ಸಿಗುತ್ತಿತ್ತು. ಆದರೆ ಅವತ್ತು ಆ ಬಿಸಿಲಲ್ಲಿ ಅವರ ಮುಖ ನೋಡಿದೆ. ಈ ಮನುಷ್ಯನಿಗೆ ತನ್ನದು ಅಂತ ಇದ್ದದ್ದು ಅದೊಂದೇ. ಒಂದು ಕಡೆ ಹಸಿದ ತಾಯಿ, ಒಂದು ಕಡೆ ಸತ್ತ ಅಪ್ಪ, ನಡುವೆ ಹೊಟ್ಟೆ ತುಂಬಿದ ಕಾಗೆಗಳು. ಹೇಳಬೇಡಿ, ಹೇಳಬೇಡಿ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಬಾಯಿ ಬಿಟ್ಟರೆ ಅತ್ತೆ ನನ್ನನ್ನು ನುಂಗಿಬಿಡುತ್ತಿದ್ದರು.

ಇವರು ದಡದಡ ಮೆಟ್ಟಿಲಿಳಿದು ಹೋದರು. ಸಿಟ್ಟು ಮಾಡಿಕೊಂಡು ಹೋದರು ಅಂದುಕೊಂಡೆವು. ನೋಡಿದರೆ ಏದುಸಿರು ಬಿಡುತ್ತ ವಾಪಸು ಬಂದರು. ಒಂದು ಕೈಯಲ್ಲಿ ನನ್ನ ಹೊಲಿಗೆಯ ನೂಲುಂಡೆ, ಇನ್ನೊಂದರಲ್ಲಿ ಬೆಳಿಗ್ಗೆ ಬೇಯಿಸಿದ ಲ್ಯೂರ್. ಆವತ್ತಿನದು ಗ್ರಿಲ್ಲಿನ ಬಣ್ಣದ್ದಲ್ಲ. ಬೈಕುಲ್ಲಾದವರ ಹತ್ತಿರ ಲಿಫ್ಟಿನ ಬಾಗಿಲಿಗೆ ಹೊಡೆಯುವ ಬೆಳ್ಳಿ ಬಣ್ಣ ಕಾಡಿ ಬೇಡಿ ತಂದಿದ್ದರಂತೆ. ಹೊಟ್ಟೆ ಬೆಳ್ಳಿ, ಬೆನ್ನು ನೀಲಿ, ಬೆನ್ನಿನ ಮೇಲೆ ಬಂಗುಡೆಗೆ ಇರುವಂಥ ಕಪ್ಪು ಗೆರೆಗಳು. ಗೆರೆಗೆ ನನ್ನ ಬಾಚಣಿಗೆ ಅಡ್ಡ ಹಿಡಿದು ಹುಡಿ ಉದುರಿಸಿದ್ದಂತೆ, ಅದು ಆಮೇಲೆ ಗೊತ್ತಾಯಿತು. ಕಿರುಬೆರಳಿನಷ್ಟುದ್ದದ ಬಂಗುಡೆ. ಕೊಕ್ಕೆ ಇನ್ನೂ ಸಿಕ್ಕಿಸಿರಲಿಲ್ಲ.

ಅದರ ಮೂತಿಯ ತೂತಿಗೆ ನೂಲು ಕಟ್ಟಿದರು. ಎಲೆಯ ತುದಿಯಲ್ಲಿ, ನಾನು ಹುರಿದ ಬಂಗುಡೆಯ ಪಕ್ಕ ಇಟ್ಟರು. ನೂಲು ಬಿಡುತ್ತ ಬಿಡುತ್ತ ಹಿಂದೆ ಸರಿದು ನಮ್ಮ ನೀರಿನ ಟಾಂಕಿಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತರು.

ಅತ್ತೆಗೆ ಅರ್ಥವಾಗಲಿಕ್ಕೆ ಒಂದು ಕ್ಷಣ ಬೇಕಾಯಿತು.

“ಅಯ್ಯೋ ನನ್ನ ಕರ್ಮವೇ! ಹೆತ್ತ ಅಪ್ಪನಿಗೆ ಗಾಳ ಹಾಕ್ತೀಯೇನೋ?”

“ಶ್!” ಅಂದರು ಇವರು ಟಾಂಕಿಯ ಹಿಂದಿನಿಂದ.

ಐವತ್ತು ದಾಟಿದ ಗಂಡಸು, ಬಿಳಿ ಪಂಚೆ ಉಟ್ಟುಕೊಂಡು, ಟಾಂಕಿಯ ಹಿಂದೆ ಅಡಗಿ, ಸತ್ತ ಅಪ್ಪನನ್ನು ಹಿಡಿಯಲಿಕ್ಕೆ ನೂಲು ಜಗ್ಗುತ್ತಿದ್ದಾರೆ. ಸುಮ್ಮನೆ ಜಗ್ಗುವುದೂ ಅಲ್ಲ. ಚೂರು ಎಳೆದು, ನಿಲ್ಲಿಸಿ, ಮತ್ತೆ ಚೂರು. ಮೀನು ಈಜಿದ ಹಾಗೆ ಕಾಣಬೇಕಲ್ಲ. ಪಾಯಸದ ಅಂಚಿನಲ್ಲಿ ಆ ಬೆಳ್ಳಿ ಮೀನು ಪಳಪಳ ಅಂತ ಒದ್ದಾಡಿತು. ಕಾಕು ಬಾಯಿಗೆ ಸೆರಗು ತುರುಕಿಕೊಂಡಳು, ಭಕ್ತಿಯೋ ನಗುವೋ ಗೊತ್ತಿಲ್ಲ. ನನಗಂತೂ ನಗು ಬಂದು ಹೊಟ್ಟೆ ಹಿಡಿದುಕೊಂಡೆ, ಕಣ್ಣಲ್ಲಿ ನೀರು. ಅತ್ತೆ ನನ್ನ ತೋಳು ಚಿವುಟಿದರು.

ಆಗ ಪಕ್ಕದ ಬಿಲ್ಡಿಂಗಿನ ಸಾಲಿನಿಂದ ಒಂದು ಕಾಗೆ ಹಾರಿತು. ಕುತ್ತಿಗೆ ಬೂದಿ ಬಣ್ಣದ, ದಪ್ಪಗಿನ ಕಾಗೆ. ನಮ್ಮ ಟೆರೇಸಿನ ಕಟ್ಟೆಯ ಮೇಲೆ ಕೂತಿತು. ಅದು ಕೆಳಗೆ ಹಾರಿ, ನಿಧಾನವಾಗಿ, ಬಾಡಿಗೆ ಮನೆ ನೋಡಲಿಕ್ಕೆ ಬಂದವರ ಹಾಗೆ ಎಲೆಯ ಸುತ್ತ ಒಂದು ಸುತ್ತು ಬಂತು. ಕೋಳಿ ನೋಡಿತು, ಬಿಟ್ಟಿತು. ನಾನು ಅಷ್ಟು ಮುತುವರ್ಜಿಯಿಂದ ಹುರಿದ ಬಂಗುಡೆಯನ್ನು ಮೂಸಿಯೂ ನೋಡಲಿಲ್ಲ. ಪಾಯಸಕ್ಕೆ ಕಾಲಿಟ್ಟು ಎಲೆ ದಾಟಿ ಹೋಗಿ, ಸೀಸದ ಬಂಗುಡೆಯನ್ನು ಗಬಕ್ಕನೆ ಕಚ್ಚಿ ಹಾರಿತು.

ನೂಲು ಬಿಗಿಯಿತು.

“ಹಿಡಿಯಿತು!” ಅಂತ ಇವರು ಕೂಗಿ ಎದ್ದು ನಿಂತರು. ಅಂಥ ದನಿ ನಾನು ಮದುವೆಯಾದಂದಿನಿಂದ ಕೇಳಿಲ್ಲ. “ಹಿಡಿಯಿತು, ಹಿಡಿಯಿತು!” ಜೀವಮಾನದಲ್ಲಿ ಮೊದಲ ಸಲ ಇವರ ಕೈಯ ನೂಲನ್ನು ಜೀವ ಇರುವುದೊಂದು ಎಳೆಯುತ್ತಿತ್ತು. ಕೈ ತಾನಾಗಿ ಹಿಂದಕ್ಕೆ ಬಾಗಿ ಒಂದು ಸಲ ಜಗ್ಗಿಯೂ ಬಿಟ್ಟಿತು. ಮೇಲೆ ಕಾಗೆ ರೆಕ್ಕೆ ಬಡಿಯುತ್ತಿದೆ, ಬಾಯಿಯ ಮೀನು ಬಿಡುತ್ತಿಲ್ಲ. ಕೆಳಗೆ ಇವರು ಪಂಚೆ ಜಾರಿದ್ದೂ ಗೊತ್ತಿಲ್ಲದೆ ನಿಂತಿದ್ದಾರೆ.

“ಬಿಡೋ!” ಅತ್ತೆ ಕಿರುಚಿದರು. “ಬಿಡೋ ಅವರನ್ನ! ಅಪ್ಪನನ್ನ ಬಿಡೋ!”

ಇವರು ಮೇಲೆ ನೋಡುತ್ತ ನಿಂತರು. ಎಷ್ಟು ಹೊತ್ತೋ. ನನ್ನ ನಗು ಯಾವಾಗ ನಿಂತಿತು ನನಗೇ ಗೊತ್ತಾಗಲಿಲ್ಲ. ಅಷ್ಟು ವರ್ಷ ಬಂಡೆಯ ಮೇಲೆ ಕಾದು ಕಾದು ಸಿಕ್ಕಿದ್ದು, ಅದೂ ಸಿಕ್ಕಿದವರು ಯಾರು! ಇವರು ಬೆರಳು ಸಡಿಲ ಬಿಟ್ಟರು. ಅಲ್ಲೇ ಎಲ್ಲೋ ಗಂಟು ಬಿಚ್ಚಿತು, ನೂಲು ಸುರುಳಿ ಸುರುಳಿಯಾಗಿ ನಮ್ಮ ಮೇಲೆ ಬಿತ್ತು. ಕಾಗೆ ಮೀನನ್ನು ಕಚ್ಚಿಕೊಂಡು ರೈಲ್ವೆ ಲೈನಿನ ಆಚೆಗೆ ಹೋಯಿತು.

ಇವರು ಅಲ್ಲೇ ಕುಸಿದು ಕೂತು ಅತ್ತರು. ಗೊಳೋ ಅಂತ, ಚಿಕ್ಕ ಮಕ್ಕಳ ಹಾಗೆ. ಆಸ್ಪತ್ರೆಯಲ್ಲಿ ಬಾರದ್ದು, ಸ್ಮಶಾನದಲ್ಲಿ ಬಾರದ್ದು ಎಲ್ಲ ಆ ಟೆರೇಸಿನಲ್ಲಿ ಬಂತು. ನಾನು ಹೋಗಿ ಪಂಚೆ ಸರಿ ಮಾಡಿ ಪಕ್ಕದಲ್ಲಿ ಕೂತೆ. ನನಗೂ ಅಳು ಬಂತು.

ವಾಚ್‌ಮನ್ ಮೆಲ್ಲಗೆ ಕೇಳಿದ. “ಇದು ಮುಟ್ಟಿದಂಗ ಆತೋ, ಇಲ್ಲೋರೀ?”

ಕಾಕು ತೀರ್ಪು ಕೊಟ್ಟಳು. ಪಾಯಸದಲ್ಲಿ ಕಾಲಿನ ಗುರುತು ಉಂಟು, ಎಲೆ ಮುಟ್ಟಿದ ಹಾಗೇ ಲೆಕ್ಕ. ಮಾತು ಕೊಡುವ ಅಗತ್ಯ ಇನ್ನಿಲ್ಲ, ಬಾಲ್ಕನಿಯದ್ದು ಬಿಟ್ಟು. ಅತ್ತೆ ರೈಲ್ವೆ ಲೈನಿನ ಕಡೆ ನೋಡುತ್ತಲೇ ಇದ್ದರು.

ಕೆಳಗೆ ಬಂದು ಊಟಕ್ಕೆ ಕೂತೆವು. ಇವರು ತುತ್ತು ಎತ್ತದೆ ಅನ್ನವನ್ನು ಬೆರಳಲ್ಲಿ ಸರಿಸುತ್ತಿದ್ದರು. ಅಮ್ಮ ಈಗ ಬೈಯುತ್ತಾರೆ, ಅಪ್ಪ ಬೇಡ ಅಂತಲೇ ಕಿತ್ತುಕೊಂಡು ಹೋದರು ಅನ್ನುತ್ತಾರೆ, ಬಾಲ್ಕನಿ ಖಾಲಿ ಮಾಡಿಸುತ್ತಾರೆ ಅಂತ ಕಾಯುತ್ತಿದ್ದರು. ನಾನೂ ಅದನ್ನೇ ಕಾಯುತ್ತಿದ್ದೆ. ಅತ್ತೆ ಅನ್ನ ಕಲಸಿದರು, ಒಂದು ತುತ್ತು ಉಂಡರು, ನೀರು ಕುಡಿದರು. ಮಗನ ಮುಖ ನೋಡದೆ, ತಟ್ಟೆಯನ್ನೇ ನೋಡುತ್ತ ಹೇಳಿದರು.

“ಒಂದು ಬಂಗುಡೆಗೆ ಅವರು ಯಾವತ್ತು ಊಟ ಮುಗಿಸಿ ಎದ್ದವರು? ಉಂಡು ಹೋಗಿ ಇನ್ನೊಂದು ಬೇಯಿಸಿಡು.”